ಶಿಫಾರಸಿನ ಗದ್ಯ: ಹೆಬ್ಬಾಳದ ಕೃಷಿಜ್ಞಾನ ಮತ್ತು ಕನ್ನಡ

ಕನ್ನಡದಲ್ಲಿ ‘ವರ್ಗಾವಣೆ’ ಎಂಬ ಪದ ಮೊದಲು ನೆನಪಿಗೆ ತರುವುದು ಸರ್ಕಾರಿ ಕಚೇರಿಯನ್ನು. ನೌಕರನೊಬ್ಬ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಾನೆ. ಹಳೆಯ ಊರಿನಲ್ಲಿ ಅವನ ಕುರ್ಚಿ ಖಾಲಿಯಾಗುತ್ತದೆ. ಜಮೀನಿನ ಖಾತೆ, ಬ್ಯಾಂಕಿನ ಹಣ ಇವುಗಳ ವರ್ಗಾವಣೆಯಲ್ಲಿಯೂ ಇದೇ ಲೆಕ್ಕ: ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ. ಇಂಥ ಪದವು ‘ತಂತ್ರಜ್ಞಾನ ವರ್ಗಾವಣೆ’ ಎಂಬ ಜೋಡಿನುಡಿಯ ಮೂಲಕ ಕೃಷಿ ವಿಶ್ವವಿದ್ಯಾನಿಲಯಗಳ ಪರಿಭಾಷೆಯಲ್ಲಿ ನೆಲೆನಿಂತಿದೆ. ಜ್ಞಾನವಾದರೋ ಕೊಟ್ಟ ಮೇಲೂ ಕೊಟ್ಟವನಲ್ಲಿ ಉಳಿಯುವಂಥದು, ಪಡೆದವನ ಕೈಯಲ್ಲಿ ಬೇರೆ ರೂಪ ತಾಳುವಂಥದು. ಪದದ ಆಯ್ಕೆ ಕೇವಲ ಅನುವಾದಕನ ಅವಸರವೆಂದು ಬಿಟ್ಟುಬಿಡಬಹುದಿತ್ತು. ಆದರೆ ಕೃಷಿಜ್ಞಾನವನ್ನು ರೈತನಿಗೆ ತಲುಪಿಸಲೆಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಚಿತವಾದ ಕನ್ನಡ ಗದ್ಯವನ್ನು ಓದುತ್ತ ಹೋದಂತೆ, ಆ ಗದ್ಯದ ವಾಕ್ಯರಚನೆಯೇ ಈ ಪದದ ಕಲ್ಪನೆಯನ್ನು ಪಾಲಿಸಿಕೊಂಡು ಬಂದಿರುವುದು ಕಾಣುತ್ತದೆ.

ಈ ಗದ್ಯದ ತವರು ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳ. 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ 30 ಎಕರೆ ನೆಲದಲ್ಲಿ ಇಲ್ಲಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ಬಂದವು. 1964ರಲ್ಲಿ ಕಾರ್ಯಾರಂಭ ಮಾಡಿದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಯಲಹಂಕದ ದಾರಿಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂಬ ವಿಶಾಲ ಆವರಣವನ್ನು ಕಟ್ಟಿಕೊಂಡಿತು. ಜನರ ಬಾಯಲ್ಲಿ ಅದು ಜಿಕೆವಿಕೆ. ಅಮೆರಿಕದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾನಿಲಯಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾನಿಲಯದ ಸಹಕಾರದೊಡನೆ ರೂಪುಗೊಂಡ ಈ ಸಂಸ್ಥೆಯಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಮೂಲ ಆಶಯ. ಸಂಶೋಧಕ ಕಂಡುಕೊಂಡದ್ದು ರೈತನಿಗೆ ತಲುಪಬೇಕು, ರೈತನ ಸಮಸ್ಯೆ ಸಂಶೋಧಕನಿಗೆ ಮರಳಬೇಕು. ಈ ಎರಡು ದಾರಿಗಳಲ್ಲಿ ಮೊದಲನೆಯದು ಹೆದ್ದಾರಿಯಾಯಿತು. ಎರಡನೆಯದು ಕಾಲುದಾರಿಯಾಗಿಯೇ ಉಳಿದದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಭಾಷೆಗೂ ಒಂದು ಪಾಲಿದೆ.

ಮೊದಲನೆಯ ದಾರಿಯ ಮಹತ್ತರ ಯಶಸ್ಸನ್ನು ಮೊದಲೇ ಹೇಳಬೇಕು. ಅದು ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು, ಮುಂದೆ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಸಂಕರಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಎರಡು ಭೂಭಾಗಗಳ ಹೆಸರನ್ನು ಕೂಡಿಸಿ ಮಾಡಿದ ಹೆಸರು ಅದು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದು. ಅದನ್ನು ಸಂಕರಿಸುವುದು ತಾಳ್ಮೆಯ ಕೆಲಸ. ಆದರೆ ಅದೇ ಗುಣ ರೈತನಿಗೆ ವರವಾಯಿತು. ಒಮ್ಮೆ ಬಂದ ಬೀಜ ವರ್ಷವರ್ಷವೂ ತನ್ನ ಗುಣವನ್ನು ಉಳಿಸಿಕೊಂಡು ಹೋಗುತ್ತದೆ; ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟವನು ಮರುವರ್ಷ ನೆರೆಯವನಿಗೂ ನೆಂಟನಿಗೂ ಸೇರಿನಿಂದ ಅಳೆದು ಕೊಡಬಹುದು. ಇಂಡಾಫ್ ತಳಿಗಳು ಹಳೇ ಮೈಸೂರಿನ ಹೊಲಗಳಲ್ಲಿ ಹರಡಿದ್ದರಲ್ಲಿ ಬೀಜ ನಿಗಮಕ್ಕಿರುವಷ್ಟೇ ಪಾತ್ರ ಈ ಕೊಡುಕೊಳ್ಳುವಿಕೆಗೂ ಇದೆ. 1990ರ ದಶಕದಲ್ಲಿ ಜಿಕೆವಿಕೆಯಿಂದ ಬಂದ, ಬೆಂಕಿ ರೋಗವನ್ನು ತಡೆಯಬಲ್ಲ ಜಿಪಿಯು-28 ತಳಿಯ ವಂಶವೃಕ್ಷವನ್ನು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ: ಅದರ ಒಂದು ಕಡೆ ಇಂಡಾಫ್-5, ಇನ್ನೊಂದು ಕಡೆ ಇಂಡಾಫ್-9 ಮತ್ತು ಐಇ 1012 ಎಂಬ ಸಂಗ್ರಹ ತಳಿಯ ಸಂತಾನ. ಒಬ್ಬ ವಿಜ್ಞಾನಿಯ ಬದುಕಿನ ದುಡಿಮೆ ಮುಂದಿನ ತಲೆಮಾರಿನ ವಿಜ್ಞಾನಿಗಳ ಕಚ್ಚಾ ಸಾಮಗ್ರಿಯಾದದ್ದು ಹೀಗೆ. ಸಂಸ್ಥೆಯೊಂದು ತನ್ನ ಜ್ಞಾನವನ್ನು ಸೃಷ್ಟಿಸಿ, ಉಳಿಸಿ, ಹಂಚಿದ್ದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಇಲ್ಲಿಯೇ ತೊಡಕೂ ಹುಟ್ಟಿತು. ಬೀಜಕ್ಕೆ ಭಾಷೆ ಬೇಕಿಲ್ಲ. ಓದು ಬರದವನ ಕೈಯಲ್ಲಿಯೂ ಅದು ಮೊಳೆಯುತ್ತದೆ. ತನ್ನೊಳಗಿನ ಜ್ಞಾನವನ್ನು ವಿವರಿಸದೆಯೇ ಫಲ ಕೊಡುತ್ತದೆ. ಬೀಜಕ್ಕೆ ಒಪ್ಪುವ ಈ ಗುಣವನ್ನು ವಾಕ್ಯಕ್ಕೂ ಆರೋಪಿಸಿದ್ದು ಹೆಬ್ಬಾಳದ ಗದ್ಯದ ಮೂಲದೋಷ. ಬೇಸಾಯದ ಕ್ರಮವನ್ನೂ ಬೀಜದ ಹಾಗೆ ಪೊಟ್ಟಣ ಕಟ್ಟಿ ಕೊಡಬಹುದು, ಪಡೆದವನು ಬಿಚ್ಚಿ ನೆಲಕ್ಕೆ ಹಾಕಿದರೆ ಸಾಕು ಎಂಬ ನಂಬಿಕೆ ಅದರ ಬೆನ್ನಿಗಿದೆ. ಇಲಾಖೆಯ ಮಾತಿನಲ್ಲಿ ಈ ಕೈಪಿಡಿಗೆ ‘ಪ್ಯಾಕೇಜ್’ ಎಂಬ ಹೆಸರೇ ರೂಢಿಯಾಗಿರುವುದು ಆಕಸ್ಮಿಕವಲ್ಲ.

ಬೇಸಾಯ ಕ್ರಮಗಳ ಈ ಕೈಪಿಡಿಗಳನ್ನು ಸಾಹಿತ್ಯ ವಿಮರ್ಶೆ ಈವರೆಗೆ ಓದಲು ಯೋಗ್ಯವಾದ ಪಠ್ಯವೆಂದು ಭಾವಿಸಿದಂತಿಲ್ಲ. ಆದರೆ ಜನರ ಅನ್ನದ ಮೇಲೆ ಇವುಗಳಷ್ಟು ನೇರವಾಗಿ ಪರಿಣಾಮ ಬೀರಿದ ಕನ್ನಡ ಗದ್ಯ ಕಡಿಮೆ. ಇದರ ಲಕ್ಷಣಗಳನ್ನು ಗುರುತಿಸುವುದು ಸುಲಭ. ವಾಕ್ಯಕ್ಕೆ ಕರ್ತೃಪದವಿಲ್ಲ, ಕ್ರಿಯಾಪದ ‘ಬೇಕು’ ಎಂದು ಮುಗಿಯುತ್ತದೆ. ಬಿತ್ತಬೇಕು, ಕೊಡಬೇಕು, ಸಿಂಪಡಿಸಬೇಕು. ಯಾರು ಕಂಡುಕೊಂಡದ್ದು, ಯಾವ ನೆಲದಲ್ಲಿ, ಎಷ್ಟು ವರ್ಷ ನೋಡಿ, ಎಲ್ಲಿ ಫಲಿಸಲಿಲ್ಲ ಎಂಬುದಕ್ಕೆ ವಾಕ್ಯದಲ್ಲಿ ಜಾಗವಿಲ್ಲ. ಅಂಕಿಗಳು ಸ್ಪಷ್ಟ: ಇಷ್ಟು ಕಿಲೋ, ಇಷ್ಟು ಮಿಲಿಲೀಟರು, ಇಷ್ಟು ಸೆಂಟಿಮೀಟರು. ‘ಏಕೆಂದರೆ’ ಎಂಬ ಪದ ಮಾತ್ರ ಬಲು ವಿರಳ.

ಹೀಗೆ ಬರೆದವರು ಅಸಡ್ಡೆಯವರಲ್ಲ. ಒಂದು ಶಿಫಾರಸು ಕೈಪಿಡಿಯನ್ನು ಸೇರಬೇಕಾದರೆ ಹಲವು ಕೇಂದ್ರಗಳಲ್ಲಿ ಹಲವು ವರ್ಷ ಪ್ರಯೋಗವಾಗಬೇಕು, ರೈತರ ಹೊಲದಲ್ಲಿ ಪರೀಕ್ಷೆಯಾಗಬೇಕು, ವಲಯ ಮಟ್ಟದ ಕಾರ್ಯಾಗಾರದಲ್ಲಿ ವಿಜ್ಞಾನಿಗಳೂ ಇಲಾಖೆಯ ಅಧಿಕಾರಿಗಳೂ ಕೂತು ಒಪ್ಪಬೇಕು. ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿಕೊಂಡದ್ದೇ ನೆಲದ ವ್ಯತ್ಯಾಸಕ್ಕೆ ಮಣಿಯುವ ವಿವೇಕದಿಂದ. ಆ ಕಾರ್ಯಾಗಾರಗಳಲ್ಲಿ ವಾದವಿರುತ್ತದೆ, ಅನುಮಾನವಿರುತ್ತದೆ, ‘ಇಲ್ಲಿ ಆಗಲಿಲ್ಲ’ ಎಂಬ ವರದಿಯೂ ಇರುತ್ತದೆ. ಅವೆಲ್ಲವೂ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದು ಇಂಗ್ಲಿಷಿನಲ್ಲಿಯೇ ದಾಖಲಾಗುತ್ತವೆ. ಕನ್ನಡಕ್ಕೆ ಇಳಿದು ಬರುವುದು ತೀರ್ಮಾನ ಮಾತ್ರ. ಒಂದೇ ಸಂಸ್ಥೆಯೊಳಗೆ ಕಾರಣಗಳಿಗೆ ಒಂದು ಭಾಷೆ, ಆಜ್ಞೆಗಳಿಗೆ ಇನ್ನೊಂದು ಭಾಷೆ ಎಂಬ ವಿಭಾಗ ಹೀಗೆ ನಿಷ್ಪನ್ನವಾಯಿತು. ಕನ್ನಡವು ಜ್ಞಾನದ ಭಾಷೆಯಾಗಬೇಕೆಂದು ವೇದಿಕೆಗಳಲ್ಲಿ ಕೇಳಿಬರುವ ಒತ್ತಾಯಕ್ಕೆ ಪಾರಿಭಾಷಿಕ ಪದಕೋಶಗಳನ್ನು ಉತ್ತರವಾಗಿ ನೀಡಿದ್ದುಂಟು. ಕೊರತೆ ಪದಗಳದ್ದಾಗಿರಲಿಲ್ಲ, ‘ಏಕೆಂದರೆ’ ಎಂದು ಶುರುವಾಗುವ ಉಪವಾಕ್ಯದ್ದಾಗಿತ್ತು.

ರಾಗಿಯ ಅಧ್ಯಾಯವನ್ನೇ ನೋಡಬಹುದು. ಮುಂಗಾರಿನ ಮೊದಲಲ್ಲಿ ಬಿತ್ತುವುದಾದರೆ ದೀರ್ಘಾವಧಿ ತಳಿ, ಜುಲೈ ಆದರೆ 110–115 ದಿನಗಳ ಜಿಪಿಯು-28ರಂಥ ಮಧ್ಯಮಾವಧಿ ತಳಿ, ಆಗಸ್ಟ್ ಆದರೆ ಅಲ್ಪಾವಧಿ ತಳಿ ಎಂಬ ಕ್ರಮ ಶಿಫಾರಸಿನಲ್ಲಿದೆ. ಇದರ ಹಿಂದಿನ ತರ್ಕ ಸುಂದರವಾದದ್ದು. ಹೂವು ಕಟ್ಟಿ ಕಾಳು ತುಂಬುವ ಹೊತ್ತು ಹಿಂಗಾರು ಕೈಬಿಡುವ ಮುನ್ನವೇ ಮುಗಿಯಬೇಕು. ಬಿತ್ತನೆ ತಡವಾದಷ್ಟೂ ಪಯಣ ಚಿಕ್ಕದಾಗಬೇಕು. ಈ ಒಂದು ಮಾತು ತಿಳಿದ ರೈತ ಪಟ್ಟಿಯಲ್ಲಿಲ್ಲದ ವರ್ಷವನ್ನೂ ಎದುರಿಸಬಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲಿ ತಿಂಗಳ ಹೆಸರುಗಳು ಯಾರಿಗೂ ನೆರವಾಗಲಾರವು, ತರ್ಕ ನೆರವಾದೀತು. ಕೈಪಿಡಿ ಕೊಡುವುದು ತಿಂಗಳ ಹೆಸರು.

ಇನ್ನು ‘ಹದ’. ನೆಲದ ತೇವ ಬಿತ್ತನೆಗೆ ಒದಗಿಬಂದ ಸ್ಥಿತಿಯನ್ನು ಹೇಳುವ ಈ ಪದವನ್ನು ಯಾವ ಅಳತೆಯೂ ಪೂರ್ತಿಯಾಗಿ ಹಿಡಿಯಲಾರದು. ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದಾಗ ಅದು ಒಡೆಯುವ ಬಗೆಯಲ್ಲಿ ಹದ ತಿಳಿಯುತ್ತದೆ; ಕೆಂಪು ಮಣ್ಣಿನ ಹದ ಎರೆಯ ಹದವಲ್ಲ. ಹಂಗೇರಿಯ ಮೂಲದ ಚಿಂತಕ ಮೈಕೆಲ್ ಪೊಲಾನಿ 1966ರ ತನ್ನ ಕೃತಿಯಲ್ಲಿ ಚರ್ಚಿಸಿದ ಅನುಕ್ತ ಜ್ಞಾನ, ಅಂದರೆ ಬಲ್ಲವನೂ ಮಾತಿನಲ್ಲಿ ಪೂರ್ತಿ ಹೇಳಲಾರದ ಅರಿವು, ಇಂಥದೇ. ಜಪಾನಿನ ಇಕುಜಿರೊ ನೊನಾಕ ಮತ್ತು ಹಿರೊತಾಕ ತಾಕೆಯುಚಿ 1995ರಲ್ಲಿ ಇದನ್ನು ಸಂಸ್ಥೆಗಳ ಅಧ್ಯಯನಕ್ಕೆ ತಂದರು. ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರವನ್ನು ರೂಪಿಸುತ್ತಿದ್ದ ಕಂಪನಿಯ ತಂತ್ರಜ್ಞೆಯೊಬ್ಬರು ಒಸಾಕದ ಹೋಟೆಲಿನ ಬಾಣಸಿಗನ ಬಳಿ ಶಿಷ್ಯವೃತ್ತಿ ಮಾಡಿ, ಹಿಟ್ಟು ನಾದುವ ಅವನ ಕೈಚಳಕವನ್ನು ಕಲಿತು, ಆಮೇಲೆ ಅದನ್ನು ಯಂತ್ರದ ವಿನ್ಯಾಸಕ್ಕೆ ಇಳಿಸಿದ ಪ್ರಸಂಗವನ್ನು ಅವರು ವಿವರಿಸುತ್ತಾರೆ. ಅನುಕ್ತವನ್ನು ಉಕ್ತವಾಗಿಸಲು ಸಂಸ್ಥೆ ಮೊದಲು ಶಿಷ್ಯನಾಗಬೇಕಾಯಿತು. ಮುದ್ದೆ ತಿರುವಿದವರಿಗೆ ಈ ಪಾಠಕ್ಕೆ ಜಪಾನಿನವರೆಗೆ ಹೋಗಬೇಕಿಲ್ಲವೆನ್ನಿ. ಕೈಪಿಡಿಯಲ್ಲಿ ಮಾತ್ರ ‘ಹದ’ ಎಂಬ ಮಾತು ‘ಸಾಕಷ್ಟು ತೇವಾಂಶ’ವಾಗಿ ಬದಲಾಗಿ, ಹೇಳದಿದ್ದುದಕ್ಕೆ ಸಮನಾಗುತ್ತದೆ.

ನಷ್ಟ ಹೆಚ್ಚು ದುಬಾರಿಯಾದದ್ದು ಅಕ್ಕಡಿಯ ವಿಷಯದಲ್ಲಿ. ಹಳೇ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಎಂಬುದು ಒಂದು ಪುಟ್ಟ ಸಂಸಾರ: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ಒಂದು ಮನೆಯ ಸಾರಿಗೆ, ಒಂದು ಎಣ್ಣೆಗೆ, ಒಂದು ದನದ ಮೇವಿಗೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿ ನಿಲ್ಲುತ್ತದೆ. ವಿಶ್ವವಿದ್ಯಾನಿಲಯವು ಈ ರೂಢಿಯನ್ನು ಕಡೆಗಣಿಸಲಿಲ್ಲ. ಅದನ್ನು ಪ್ರಯೋಗಕ್ಕೆ ಒಳಪಡಿಸಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಅನುಪಾತವನ್ನು ಗೊತ್ತುಪಡಿಸಿ ‘ಅಂತರ ಬೆಳೆ’ ಎಂಬ ಹೆಸರಿನಲ್ಲಿ ರೈತನಿಗೇ ಮರಳಿ ಶಿಫಾರಸು ಮಾಡಿತು. ಆದಾಯದ ಲೆಕ್ಕದಲ್ಲಿ ಆ ಅನುಪಾತ ಸರಿ. ಆದರೆ ಹೊಲದಿಂದ ಪ್ರಯೋಗ ಕ್ಷೇತ್ರಕ್ಕೆ ಹೋಗುವಾಗ ಆರೇಳು ಬೆಳೆಗಳಿದ್ದದ್ದು ಮರಳುವಾಗ ಎರಡಾಗಿತ್ತು. ‘ಅಕ್ಕಡಿ’ ಎಂಬ ಪದದ ಜೊತೆಗೆ ಅದರ ಕಾರಣಗಳೂ ಗಡಿಯಲ್ಲೇ ಉಳಿದವು. ಬರೆದ ಪಾಠ ಪಡೆದ ರೈತನ ಮಗನಿಗೆ ತಾತನ ಸಾಲುಗಳು ಅವೈಜ್ಞಾನಿಕವಾಗಿ ಕಂಡರೆ ತಪ್ಪು ಹೊರಿಸುವುದು ಯಾರ ಮೇಲೆ?

ಇದೇ ಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ, ಅದೂ ಆರಂಭಕಾಲದ್ದು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರಶಾಸ್ತ್ರಜ್ಞ ಮತ್ತು ಕೀಟಶಾಸ್ತ್ರಜ್ಞನಾಗಿ ಬಂದು, ಮುಂದೆ ಕೃಷಿ ನಿರ್ದೇಶಕನಾದವನು. ಮಲೆನಾಡಿನ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಅವನು ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲಿ ‘ಕೊಳೆರೋಗ’ ಎಂಬ ಕನ್ನಡ ಪದವೇ ಇದೆ. ಕಾಫಿಯ ಇನ್ನೊಂದು ರೋಗಕಾರಕ ಶಿಲೀಂಧ್ರಕ್ಕಂತೂ 1876ರಷ್ಟು ಹಿಂದೆಯೇ ‘ಕೊಳೆರೋಗ’ವೆಂಬುದು ಲ್ಯಾಟಿನ್ ಶಾಸ್ತ್ರೀಯ ನಾಮದ ಭಾಗವಾಗಿತ್ತು. ತೋಟಿಗರು ಮಳೆಗಾಲಕ್ಕೆ ಮುನ್ನ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಯುತ್ತಿದ್ದರು. ರೋಗಕ್ಕೂ ಒದ್ದೆಗೂ ಇರುವ ನಂಟು ಅವರಿಗೆ ಗೊತ್ತಿತ್ತು. ಕೋಲ್ಮನ್ ಆ ನಂಟಿನ ನಡುವೆ ಶಿಲೀಂಧ್ರವನ್ನು ತೋರಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದನು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇಕಡ 1ರ ದ್ರಾವಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಿಸಿ ಅಲ್ಲ. ಬಳಿಕ ಹೊಳಪಿನ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಈ ಸೂತ್ರದಲ್ಲಿಯೂ ‘ಬೇಕು’ಗಳಿವೆ. ಆದರೆ ಸರಿತಪ್ಪನ್ನು ನಿರ್ಣಯಿಸುವ ಅಧಿಕಾರ ಹೆಬ್ಬಾಳದಲ್ಲಿ ಉಳಿಯಲಿಲ್ಲ, ಚಾಕುವಿನೊಡನೆ ತೋಟಕ್ಕೆ ಬಂದಿತು. ಸುಣ್ಣ ಹಳೆಯದಾಗಿದ್ದರೆ, ತುತ್ತ ಕಳಪೆಯಾಗಿದ್ದರೆ ಅಂಕಿ ಬದಲಾಗುತ್ತದೆ, ಪರೀಕ್ಷೆ ಬದಲಾಗುವುದಿಲ್ಲ. ಶತಮಾನ ದಾಟಿದರೂ ಮಲೆನಾಡು, ಕರಾವಳಿಗಳ ತೋಟಗಳಲ್ಲಿ ಬೋರ್ಡೋ ಮನೆಮಾತಾಗಿರುವುದಕ್ಕೆ ಔಷಧದ ಗುಣದಷ್ಟೇ ಈ ಚಾಕುವೂ ಕಾರಣವೆಂದರೆ ಅತಿಶಯವಾಗದು.

ಕಾರಣವಿಲ್ಲದ ವಾಕ್ಯ ಹೊಲದಲ್ಲಿ ಒಂಟಿಯಾಗಿ ನಿಲ್ಲಲಾರದು, ಅದನ್ನು ಬಿಡಿಸಿ ಹೇಳಲು ಯಾರಾದರೂ ಬೇಕು. ಆ ಕೆಲಸ ಹಿಂದೆ ಗ್ರಾಮಸೇವಕನದಾಗಿತ್ತು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಭಾರತಕ್ಕೆ ಬಂದ ‘ತರಬೇತಿ ಮತ್ತು ಭೇಟಿ’ ಪದ್ಧತಿಯಲ್ಲಿ ಕಾರ್ಯಕರ್ತ ನಿಗದಿತ ದಿನ ತರಬೇತಿ ಪಡೆದು ನಿಗದಿತ ದಿನ ಸಂಪರ್ಕ ರೈತನ ಹೊಲಕ್ಕೆ ಹೋಗಬೇಕು. ಸಂಪರ್ಕ ರೈತ ಉಳಿದವರಿಗೆ ತಿಳಿಸಬೇಕು. ಒಂದು ಮಾತು ಮೂರು ಬಾಯಿ ದಾಟುವ ಈ ಏರ್ಪಾಟಿನಲ್ಲಿ ಕಾರಣ ಮೊದಲ ಬಾಯಲ್ಲೇ ಉದುರಿಹೋಗುವುದು ಸಹಜ. ಆ ಪದ್ಧತಿ ಮರೆಯಾಗಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂದಾಗ ಭೇಟಿಯ ದಿಕ್ಕು ಬದಲಾಯಿತು, ರೈತನೇ ಕೇಂದ್ರಕ್ಕೆ ಬರತೊಡಗಿದ; ಬಂದದ್ದು ಬಹುಮಟ್ಟಿಗೆ ಸಬ್ಸಿಡಿಯ ಬೀಜ, ಗೊಬ್ಬರಕ್ಕೆ. ಇದರ ನಡುವೆ ಒಂದು ಹೋಬಳಿಯ ಮಣ್ಣು, ಮಳೆ, ಮನುಷ್ಯರನ್ನು ಅರಿತುಕೊಂಡ ಅಧಿಕಾರಿ ಬೇರೆ ಜಿಲ್ಲೆಗೆ ಹೋಗುತ್ತಾನೆ. ಅವನು ಕಲಿತದ್ದನ್ನು ಬರೆದಿಡಲು ಕಚೇರಿಯಲ್ಲಿ ಒಂದು ವಹಿಯೂ ಇರುವುದಿಲ್ಲ. ಜ್ಞಾನದ ವರ್ಗಾವಣೆಗೆ ಮೊದಲೇ ಜ್ಞಾನವಂತನ ವರ್ಗಾವಣೆ ಆಗಿಬಿಡುತ್ತದೆ.

2003ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 59ನೆಯ ಸುತ್ತು ದೇಶದ ರೈತ ಕುಟುಂಬಗಳು ಆಧುನಿಕ ಕೃಷಿ ಮಾಹಿತಿಯನ್ನು ಎಲ್ಲಿಂದ ಪಡೆಯುತ್ತವೆಂದು ವಿಚಾರಿಸಿತು. ಶೇಕಡ 60ರಷ್ಟು ಕುಟುಂಬಗಳು ಯಾವ ಮೂಲದಿಂದಲೂ ಪಡೆಯುತ್ತಿರಲಿಲ್ಲ. ಒಟ್ಟು ಕುಟುಂಬಗಳಲ್ಲಿ ಬೇರೆ ಪ್ರಗತಿಪರ ರೈತರಿಂದ ತಿಳಿದವರು ಶೇಕಡ 16.7, ಗೊಬ್ಬರ, ಔಷಧದ ಅಂಗಡಿಯವರಿಂದ ಶೇಕಡ 13.1, ವಿಸ್ತರಣಾ ಕಾರ್ಯಕರ್ತರಿಂದ ಶೇಕಡ 5.7. ನೆರೆಯವನು ಮತ್ತು ಅಂಗಡಿಯವನು ಸಂಸ್ಥೆಗಿಂತ ಮುಂದಿದ್ದಾರೆ, ಯಾಕೆಂದರೆ ಇಬ್ಬರೂ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಎಲೆಯೊಂದನ್ನು ಕಿತ್ತು ತಂದು ಗಲ್ಲೆಯ ಮೇಲೆ ಇಟ್ಟ ರೈತನಿಗೆ ಅಂಗಡಿಯವನು ಹೇಳುವ ಕಾರಣ ಸರಿಯೋ ತಪ್ಪೋ, ಕಾರಣವಂತೂ ಹೌದು. ಅದರ ಕೊನೆಯಲ್ಲಿ ಒಂದು ಡಬ್ಬಿ ಇರುತ್ತದೆ. ಕೈಪಿಡಿ ಖಾಲಿ ಬಿಟ್ಟ ಜಾಗವನ್ನು ಮಾರಾಟಗಾರ ತುಂಬಿದ್ದಾನೆ.

ಸಂಸ್ಥೆಯ ಹೊರಗೆ ಕನ್ನಡದಲ್ಲಿ ಬೇರೊಂದು ಕೃಷಿ ಗದ್ಯ ಬೆಳೆಯಿತು. ಫುಕುವೊಕನ ವಿಚಾರಗಳನ್ನು ‘ಸಹಜ ಕೃಷಿ’ಯ ಮೂಲಕ ಪರಿಚಯಿಸಿದ ಪೂರ್ಣಚಂದ್ರ ತೇಜಸ್ವಿ ಬೇಸಾಯವನ್ನು ಚಿಂತನೆಯ ವಸ್ತುವಾಗಿಸಿದರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಇನ್ನೂ ಮುಂದೆ ಹೋಗಿ ಕೃಷಿಕರೇ ಬರೆಯಲೆಂದು ‘ಕೃಷಿಕರ ಕೈಗೆ ಲೇಖನಿ’ ಎಂಬ ಕಮ್ಮಟಗಳನ್ನು ನಡೆಸಿತು. ಅದರ ಲೇಖನದಲ್ಲಿ ಕರ್ತೃಪದವಿದೆ: ಇಂಥವರು, ಇಂಥ ಊರಿನಲ್ಲಿ, ಇಷ್ಟು ಖರ್ಚಿನಲ್ಲಿ ಮಾಡಿದ್ದು, ಬೇಕಾದರೆ ಈ ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಕೊನೆಯಲ್ಲಿ ಅಚ್ಚಾಗುವ ಆ ದೂರವಾಣಿ ಸಂಖ್ಯೆ ಸಣ್ಣ ಸಂಗತಿಯಲ್ಲ. ಪಠ್ಯವನ್ನು ಪ್ರಶ್ನಿಸುವ ಹಕ್ಕನ್ನು ಓದುಗನಿಗೆ ಅದು ಕೊಡುತ್ತದೆ. ಹಾಗೆಂದು ಅನುಭವದ ಗದ್ಯವನ್ನು ಮೆಚ್ಚಿ ಸುಮ್ಮನಾಗುವಂತಿಲ್ಲ. ಒಂದು ತೋಟದ ಗೆಲುವು ಔಷಧದಿಂದ ಬಂದದ್ದೋ ಆ ವರ್ಷದ ಮಳೆಯಿಂದ ಬಂದದ್ದೋ ಎಂಬುದನ್ನು ಪಕ್ಕದಲ್ಲಿ ಹೋಲಿಕೆಯ ತಾಕು ಇಲ್ಲದೆ ನಿರ್ಧರಿಸಲಾಗದು. ಯಶೋಗಾಥೆಗಳು ಅಚ್ಚಾಗುವಷ್ಟು ಸಲೀಸಾಗಿ ಸೋತವರ ಕಥೆ ಅಚ್ಚಾಗುವುದಿಲ್ಲ. ಈ ಗದ್ಯಕ್ಕೆ ಹೆಬ್ಬಾಳದ ತಾಕುಗಳ ಶಿಸ್ತು ಬೇಕು. ಹೆಬ್ಬಾಳಕ್ಕೆ ಈ ಗದ್ಯದ ಕರ್ತೃಪದ ಬೇಕು.

ಎರಡನೆಯ ದಾರಿ ಮುಚ್ಚಿಹೋದರೆ ಏನಾಗುತ್ತದೆಂಬುದನ್ನು ತಿಳಿಯಲು ಪಡ್ರೆಯವರ ಸ್ವಂತ ಸೀಮೆಯಾದ ಕಾಸರಗೋಡಿನ ಎಣ್ಮಕಜೆಯನ್ನು ನೆನೆಯಬೇಕಾಗುತ್ತದೆ. ಗೇರಿನ ಟೀ ಸೊಳ್ಳೆಗೆಂದು ಅಲ್ಲಿನ ಸರ್ಕಾರಿ ನೆಡುತೋಪುಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅದು ಆಗ ಎಲ್ಲೆಡೆ ಶಿಫಾರಸು ಪಟ್ಟಿಗಳಲ್ಲಿದ್ದ ಕೀಟನಾಶಕ. ಊನಗೊಂಡು ಹುಟ್ಟಿದ ಕರುಗಳನ್ನು ಹಳ್ಳಿಯವರು ಕಂಡಿದ್ದರು. 1980ರ ದಶಕದ ಆರಂಭದಲ್ಲಿಯೇ ಪಡ್ರೆ ಅದನ್ನು ಬರೆದರು. ಕೊಟ್ಟಿಗೆಯಲ್ಲಿ ಕಂಡದ್ದನ್ನು ಮಾಹಿತಿಯೆಂದು ದಾಖಲಿಸಿಕೊಳ್ಳಬಲ್ಲ ಕಾಲಮ್ಮು ಯಾವ ಕಚೇರಿಯ ನಮೂನೆಯಲ್ಲಿಯೂ ಇರಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧಾಜ್ಞೆ ಬಂದದ್ದು 2011ರ ಮೇ ತಿಂಗಳಲ್ಲಿ.

ಹೆಬ್ಬಾಳದ ದಾರಿಗಳು ಹಾಗೆ ಪೂರ್ತಿ ಮುಚ್ಚಿಲ್ಲ. ಜಿಕೆವಿಕೆಯ ಕೃಷಿ ಮೇಳಕ್ಕೆ ಕೋಲಾರ, ತುಮಕೂರು, ರಾಮನಗರಗಳಿಂದ ಬರುವ ರೈತರು ಭಾಷಣದ ಪೆಂಡಾಲಿಗಿಂತ ಬೆಳೆಯ ತಾಕುಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ತೆನೆಯನ್ನು ಬಾಗಿಸಿ ಬೆರಳುಗಳನ್ನು ಎಣಿಸುತ್ತಾರೆ, ಹುಲ್ಲಿನ ಎತ್ತರವನ್ನು ಕೈಯಿಂದ ಅಳೆಯುತ್ತಾರೆ, ದನ ತಿನ್ನುತ್ತದೆಯೇ ಎಂದು ಕೇಳುತ್ತಾರೆ. ತಾಕಿನ ಮುಂದೆ ನೆಟ್ಟ ಫಲಕದಲ್ಲಿ ತಳಿಯ ಹೆಸರು, ಅವಧಿ, ಎಕರೆಗೆ ಇಳುವರಿ ಇರುತ್ತವೆ. ಪಕ್ಕದಲ್ಲಿ ನಿಂತ ಸಂಶೋಧನಾ ವಿದ್ಯಾರ್ಥಿ, ತಾನೂ ಬಹುಪಾಲು ರಾಗಿ ಬೆಳೆಯುವ ಮನೆಯಿಂದಲೇ ಬಂದವನು, ‘ಯಾಕೆ’ ಎಂದು ಕೇಳಿದವರಿಗೆ ತನ್ನ ಊರಿನ ಕನ್ನಡದಲ್ಲಿ ಕಾರಣ ಹೇಳುತ್ತಾನೆ. ಹದ, ತೆಂಡೆ, ಹೊಡೆ, ಬೆಂಕಿ ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ಸಂಜೆ ಅವನು ಹಾಸ್ಟೆಲಿಗೆ ಮರಳಿ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಮುಂದುವರಿಸುತ್ತಾನೆ. ಬೆಳಗಿನಿಂದ ಅವನಿಗೆ ಕೇಳಿಬಂದ ಪ್ರಶ್ನೆಗಳನ್ನೂ ಅವನು ಕೊಟ್ಟ ಉತ್ತರಗಳನ್ನೂ ಬರೆದುಕೊಳ್ಳುವಂತೆ ಯಾರೂ ಅವನಿಗೆ ಹೇಳಿರುವುದಿಲ್ಲ.